ತಡಮಾಡುವ ಕ್ಯಾಮೆರಾ

ಗುಂಡಿ ಒತ್ತಿದ ಮೇಲೆ ಹಳೆ ಕ್ಯಾಮೆರಾ ತುಸು ಹೊತ್ತು ಸುಮ್ಮನಿರುತ್ತಿತ್ತು. ಮರೆತದ್ದೇನನ್ನೋ ನೆನಪಿಸಿಕೊಳ್ಳುವಂತೆ ಒಳಗೊಳಗೇ ಗುಂಯ್ ಎಂದು, ಆಮೇಲೆ ಮನಸ್ಸು ಮಾಡಿ ಫೋಟೋ ಹಿಡಿಯುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವರ ನಗು ಮುಗಿದು, "ಆಯ್ತಾ?" ಎಂದು ಕೇಳಿದ್ದೂ ಆಗಿರುತ್ತಿತ್ತು. ಹಲ್ಲಪ್ಪನ ಮನೆಯ ಫೋಟೋಗಳಲ್ಲಿ ಎಲ್ಲರದೂ ಅದೇ ಮುಖ, ಕೆಲಸ ಮುಗಿಸಿ ಉಸ್ಸೆಂದು ಕುಳಿತವರ ಮುಖ. ಅವನ ಹೆಂಡತಿಗೆ ಇದು ಸುತರಾಂ ಹಿಡಿಸುತ್ತಿರಲಿಲ್ಲ. "ನಮ್ಮನೇಲಿ ಯಾರೂ ಜನ್ಮದಲ್ಲಿ ನಕ್ಕಿಲ್ಲ ಅನ್ನೋ ಹಾಗಿದೆ," ಎಂದು ಗೊಣಗಿ ಗೊಣಗಿ, ಕೊನೆಗೂ ಅವನಿಂದ ಹೊಸದೊಂದನ್ನು ಕೊಳ್ಳಿಸಿಯೇ ಬಿಟ್ಟಳು.

ಹಲ್ಲಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರ ಕೊಠಡಿಯ ಹಿಂದೆ, ಕಿಟಕಿ ಪಕ್ಕದ ಮೇಜಿಗೆ ಕುಳಿತು ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಮಧ್ಯಾಹ್ನದ ಬಿಸಿಲು ಪ್ಲಾಸ್ಟರಿನ ಅಚ್ಚುಗಳ ಮೇಲೆ ಬಿದ್ದಾಗ ಆ ಕೋಣೆಯಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮೇಣ ಕರಗುವ ವಾಸನೆ, ಬಿಸಿಲಲ್ಲಿ ತೇಲುವ ಬಿಳಿ ಪುಡಿ, ಸಾಲಾಗಿ ಬಾಯಿ ತೆರೆದು ಕುಳಿತ ಅಚ್ಚುಗಳು. ನೋಡುತ್ತ ನೋಡುತ್ತ ಅವು ತನ್ನೊಡನೆ ಏನೋ ಹೇಳುತ್ತಿವೆ ಎನಿಸಿ ಅವನಿಗೆ ಜೊಂಪು ಹತ್ತುವುದೂ ಇತ್ತು. ಮೊದಲು ಮೇಣದ ಹಲ್ಲನ್ನು ಬಂದವರ ಬಾಯಿಗಿಟ್ಟು ಅದೇ ಹಳೆ ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದು, ಆ ಫೋಟೋ ನೋಡಿ ಹಲ್ಲಿನ ಉದ್ದ ಎಷ್ಟೆಂದು ಗೊತ್ತುಮಾಡುವುದು, ಗಟ್ಟಿ ಸೆಟ್ಟು ಆಮೇಲೆ. ಇದು ಅವನ ಕ್ರಮ. ಅವನು ಮಾಡಿದ ಹಲ್ಲು ಬಾಯಲ್ಲೇ ಮೊಳೆತ ಹಾಗೆ ಕೂರುತ್ತಿತ್ತು. ಎಲ್ಲ ತನ್ನ ಕೈಚಳಕವೆಂದು ಅವನು ಬೀಗಿದ್ದೇ ಬೀಗಿದ್ದು.

ಹಳೆ ಕ್ಯಾಮೆರಾ ಇನ್ನೇಕೆ ಎಂಬ ಮಾತು ಬಂದಾಗ ಅದರ ಮೇಲೆ ಮೊದಲು ಕಣ್ಣು ಹಾಕಿದವನು ಭಾಮೈದ. "ಎರಡೆರಡು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ ಭಾವ? ಮುಂದಿನ ತಿಂಗಳು ಒಂದು ಭಾನುವಾರ ಬಂದು ತಗೊಂಡು ಹೋಗ್ತೀನಿ." ಹಲ್ಲಪ್ಪ ಹೂಂ ಅಂದ. ಅಂದನೇನೋ ಸರಿ, ದಿನಾ ಅದನ್ನು ಡ್ರಾಯರಿನಿಂದ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಒಳಗಿಡುತ್ತಿದ್ದ. ಯಾಕೆಂದು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ.

ಹೊಸ ಕ್ಯಾಮೆರಾದಲ್ಲಿ ಅವನು ಮೊದಲು ತೆಗೆದದ್ದು ದೊಡ್ಡಮ್ಮನ ಫೋಟೋ. ದೊಡ್ಡಮ್ಮ ಎಂದರೆ ಅವನನ್ನು ಸಾಕಿ ಬೆಳೆಸಿದವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳ ಹಳೆ ಸೆಟ್ಟು ಸವೆದು ಸಡಿಲವಾಗಿತ್ತು. ಆ ಫೋಟೋ ನೋಡಿ ಅವನು ಮಾಡಿಕೊಟ್ಟ ಹೊಸ ಸೆಟ್ಟನ್ನು ಹಾಕಿಕೊಂಡ ದಿನ ಮನೆಮಂದಿಯೆಲ್ಲ ಕೊಂಡಾಡಿದರು. ಕೆಲವು ದಿನ ಕಳೆಯುವುದರೊಳಗೆ ದೊಡ್ಡಮ್ಮ ಮಾತೇ ಬಿಟ್ಟಳು. ಊಟದ ತಟ್ಟೆ ಅವಳ ಕೋಣೆಗೇ ಹೋಗತೊಡಗಿತು. ಏನು ಕೇಳಿದರೂ ಬಾಯಿಗೆ ಕೈ ಅಡ್ಡ ಹಿಡಿದು ತಲೆಯಾಡಿಸುವುದು, ಅಷ್ಟೇ. ಅವಳ ಬೈಗುಳವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಒಂದು ಸಂಜೆ ಅವನು ಹೋಗಿ ಅವಳ ಹಾಸಿಗೆಯ ತುದಿಯಲ್ಲಿ ಕುಳಿತ.

"ಹಲ್ಲು ಒತ್ತುತ್ತಾ ದೊಡ್ಡಮ್ಮ?"

"ಒತ್ತಲ್ಲ."

"ಮತ್ತೆ?"

"ಹೊಲಿಗೆಯವಳ ಗಂಡ ಹೋದನಲ್ಲ," ಎಂದಳು. ಹೊಲಿಗೆಯವಳು ಎದುರು ಸಾಲಿನ ದರ್ಜಿ, ದೊಡ್ಡಮ್ಮನಿಗೆ ಹರೆಯದಿಂದಲೂ ಗೆಳತಿ. "ಸಮಾಧಾನ ಹೇಳೋಣ ಅಂತ ಹೋಗಿದ್ದೆ. ಪಕ್ಕದಲ್ಲೇ ಕೂತೆ. ಅವಳು ತಲೆಯೆತ್ತಿ ನನ್ನ ನೋಡಿ, 'ನಿನಗೆ ನಗು ಬರ್ತಿದೆಯಾ' ಅಂದಳು."

ಹಲ್ಲಪ್ಪ ಬಗ್ಗಿ ಅವಳ ಬಾಯಿಯನ್ನೇ ನೋಡಿದ.

"ತುಟಿ ಮುಚ್ಚಲ್ಲ ಕಣೋ. ಎಷ್ಟು ಎಳೆದ್ರೂ ಮುಚ್ಚಲ್ಲ. ನಾನು ಅಳ್ತಾನೇ ಇದ್ದೆ, ಆದ್ರೂ ಹಲ್ಲು ಕಿರ್ಕೊಂಡೇ ಇದ್ದೆ. ತೆಗೆದಿಟ್ರೆ ಮಾತು ಹೊರಡಲ್ಲ. ಎದ್ದು ಬಂದೆ. ಅವಳು ಬಾಗಿಲು ಹಾಕ್ಕೊಂಡಳು."

ಮರುದಿನ ಅವನು ಎರಡು ಕ್ಯಾಮೆರಾಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಕುಳಿತ. ಹೊಸದರಲ್ಲಿ ದೊಡ್ಡಮ್ಮ ಬಾಯಿ ತುಂಬ ನಗುತ್ತಿದ್ದಳು. ಒತ್ತಿದ ತಕ್ಷಣ ಹಿಡಿದ ನಗು. ಅವನು ಹಲ್ಲು ಮಾಡಿದ್ದು ಆ ನಗುವಿನ ಅಳತೆಗೆ, ಮುಚ್ಚಬೇಕಾದ ತುಟಿಗೆ ಅದು ಉದ್ದವಾಗಿತ್ತು. ಹಳೆಯದರಲ್ಲಿ ಎಷ್ಟೋ ಜನರ ಮುಖಗಳು ಒಂದಾದ ಮೇಲೊಂದು ಬಂದವು. ಎಲ್ಲರೂ ನಕ್ಕು ಮುಗಿಸಿದವರು, ನಗುವನ್ನು ಕೆಳಗಿಟ್ಟವರು. ತುಟಿಗಳು ತಮ್ಮ ಪಾಡಿಗೆ ತಾವು ಬಂದು ಸೇರಿದ್ದವು. ಇಷ್ಟು ವರ್ಷ ಅವನಿಗೆ ಅಳತೆ ಸಿಕ್ಕಿದ್ದು ಅಲ್ಲಿಂದ. ಕೈಚಳಕವಂತೆ, ಮಣ್ಣು! ಅದು ಈ ಡಬ್ಬಿಯ ಸೋಮಾರಿತನ.

ಬಿಸಿಲು ಮೇಜಿನಿಂದ ಮೆಲ್ಲನೆ ಗೋಡೆಗೆ ಹತ್ತಿತು. ಅವನು ಮುಖಗಳನ್ನು ಸರಿಸುತ್ತಲೇ ಇದ್ದ. ಚಿಕ್ಕವನಿದ್ದಾಗ ಬಂದಿದ್ದ ಜ್ವರವೊಂದು ನೆನಪಾಯಿತು. ಕನಸಿಗೂ ಎಚ್ಚರಕ್ಕೂ ನಡುವೆ ತೇಲುತ್ತ ಅವನು ಕಣ್ಣು ಬಿಟ್ಟಾಗಲೆಲ್ಲ ದೊಡ್ಡಮ್ಮ ಹಾಸಿಗೆಯ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ, ಸುಮ್ಮನೆ ಇರುತ್ತಿದ್ದಳು. ಆ ಮುಖ ಕಂಡರೆ ಸಾಕು, ಮತ್ತೆ ನಿದ್ದೆ ಬರುತ್ತಿತ್ತು. ಆ ಮುಖವನ್ನು ತಾನೇ ಕೈಯಾರೆ ಕಿತ್ತುಕೊಂಡೆನಲ್ಲ ಎಂದು ಅವನಿಗೆ ಅಳು ಬಂತು.

ದೊಡ್ಡಮ್ಮನನ್ನು ಕರೆತಂದು, ಮೇಣದ ಹಲ್ಲು ಇಟ್ಟು, ಕಿಟಕಿಯ ಹತ್ತಿರ ಕೂರಿಸಿದ. ನಗು ಎಂದ. ಅವಳು ಕಾಟಾಚಾರಕ್ಕೆ ನಕ್ಕಳು. ಒತ್ತಿದ. ಹಳೆ ಕ್ಯಾಮೆರಾ ಎಂದಿನಂತೆ ಮೀನಮೇಷ ಎಣಿಸಿತು. ಅವಳ ನಗು ಇಳಿಯಿತು, ಕೆನ್ನೆ ಇಳಿಯಿತು, ಕಣ್ಣು ಎಲ್ಲೋ ದೂರ ಹೋಯಿತು. ಆಗ ಅದು ಫೋಟೋ ಹಿಡಿಯಿತು.

ಭಾನುವಾರ ಭಾಮೈದ ಬಂದಾಗ ಹಲ್ಲಪ್ಪ ಅವನ ಕೈಗೆ ಹೊಸ ಕ್ಯಾಮೆರಾ ಇಟ್ಟ.

"ಭಾವ, ಇದು ಹೊಸದು."

"ಗೊತ್ತು ಮಾರಾಯ. ನಾನು ಮನಸ್ಸು ಬದಲಾಯಿಸೋಕೆ ಮುಂಚೆ ಜಾಗ ಖಾಲಿ ಮಾಡು."

ಎರಡೂ ಇದ್ದರೆ ಕೈ ಹೊಸದಕ್ಕೇ ಹೋಗುತ್ತದೆ. ತನ್ನ ಕೈಯ ಬುದ್ಧಿ ಅವನಿಗೆ ಗೊತ್ತಿತ್ತು. ಹೋದದ್ದು ತನ್ನ ತಮ್ಮನಿಗೇ ಆದ್ದರಿಂದ ಹೆಂಡತಿ ಬಾಯಿಬಿಟ್ಟು ಏನೂ ಅನ್ನಲಾರದೆ, ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಹೊಸ ಸೆಟ್ಟು ಕೈಗೆ ಬಂದ ದಿನ ದೊಡ್ಡಮ್ಮ ಕನ್ನಡಿ ಕೇಳಲಿಲ್ಲ. ಹಾಕಿಕೊಂಡು, ತುಟಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ನಡಿ" ಎಂದಳು. ಅವನು ಅವಳ ತೋಳು ಹಿಡಿದು ಬೀದಿ ದಾಟಿಸಿ, ಹೊಲಿಗೆಯವಳ ಹೊಸ್ತಿಲಿನ ಆಚೆಯೇ ನಿಂತ.

ಹೊಲಿಗೆಯವಳು ಯಂತ್ರದ ಮುಂದೆ ಕುಳಿತಿದ್ದಳು. ಸೂಜಿಯ ಕೆಳಗೆ ಬಟ್ಟೆಯಿತ್ತು, ಕಾಲು ಆಡುತ್ತಿರಲಿಲ್ಲ. ತಲೆಯೆತ್ತಿ ದೊಡ್ಡಮ್ಮನ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು. ದೊಡ್ಡಮ್ಮ ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ, ತುಟಿ ಮುಚ್ಚಿ ನಿಂತೇ ಇದ್ದಳು.

ಹೊಲಿಗೆಯವಳು ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನೆತ್ತಿ ನೆಲಕ್ಕೆ ಹಾಕಿದಳು. "ಕೂತ್ಕೋ," ಎಂದಳು.