ತಾಯಿಯ ಕಡೆಯಿಂದ

ಶವಪೆಟ್ಟಿಗೆ ಹೊತ್ತವರು ಊರ ವಾಡಿಕೆಯಂತೆ ಚರ್ಚಿಗೆ ಮೂರನೆಯ ಸುತ್ತು ಹಾಕುವಾಗ ಡೌವೆ ಕೆಮ್ಮಿದ. ಒಳಗಿದ್ದವನು ಅವನ ತಮ್ಮ ಯೆಲ್ಲೆ. ಹಿಂದೆ ನಡೆಯುತ್ತಿದ್ದ ತಾಯಿ ವೀಪ್ಕೆ ತಟ್ಟನೆ ತಲೆಯೆತ್ತಿ ಅವನತ್ತ ನೋಡಿದಳು.

ಮಣ್ಣು ಮುಗಿಸಿ ಹಾರ್ಲಿಂಗನ್ ಊರಿನ ಜನ ಸಭಾಂಗಣದಲ್ಲಿ ಕಾಫಿಗೆ ಕೂತರು.

"ಯೆಲ್ಲೆ ಹಿಟ್ಟಿನ ಮೂಟೇನ ಹೂವಿನ ಥರ ಎತ್ತೋನು," ಎಂದಳು ನೆರೆಮನೆಯ ಆಲ್ಟ್ಯೆ. "ಬೇಕರಿ ಬಾಗಿಲು ತೆಗೆದು ಹಾಡೋಕೆ ಶುರು ಮಾಡಿದ್ರೆ ಬೀದಿನೇ ಏಳ್ತಿತ್ತು. ಏನು ಕೆಟ್ಟ ದನಿ, ಪಾಪ!"

ಎಲ್ಲರೂ ನಕ್ಕರು. ವೀಪ್ಕೆಯೂ ನಕ್ಕಳು. "ಮುದುಕಿ ನಾನು ಹೋಗ್ಬೇಕಿತ್ತು ಕಣೇ," ಎಂದಳು.

*

ಚಳಿಗಾಲದ ಕೊನೆಗೆ ವೀಪ್ಕೆ, ಯೆಲ್ಲೆ ಇಬ್ಬರಿಗೂ ಒಟ್ಟಿಗೇ ಜ್ವರ ಬಂದಿತ್ತು.

"ವಯಸ್ಸಾದೋಳು ನೀನು, ಮಲಕ್ಕೋ. ಸೂಪ್ ನಾನು ಮಾಡ್ತೀನಿ," ಎಂದ ಯೆಲ್ಲೆ. ಬಟಾಣಿ ಸೂಪು ಉಪ್ಪುಪ್ಪಾಗಿತ್ತು. "ನಾಲಿಗೆಗೆ ರುಚಿನೇ ಇಲ್ಲ ಕಣಮ್ಮ!"

ಎರಡು ದಿನಕ್ಕೆ ಅವಳು ಎದ್ದು ಓಡಾಡಿದಳು. ಅವನು ಮೆಟ್ಟಿಲ ಮೇಲೆ ಕೂತು ಉಸಿರಿಗಾಗಿ ಒದ್ದಾಡಿದ. ಆಮೇಲೆ ವಾರಗಟ್ಟಲೆ ಆಸ್ಪತ್ರೆಯ ಯಂತ್ರವೇ ಅವನಿಗಾಗಿ ಉಸಿರಾಡಿತು.

*

ಖಾಲಿ ಲೋಟಗಳೊಂದಿಗೆ ಅಡುಗೆಕೋಣೆಯತ್ತ ಹೋದ ವೀಪ್ಕೆ ಬಾಗಿಲಲ್ಲೇ ನಿಂತಳು. ಒಳಗೆ ಮಗಳು ಹಿಲ್ಕೆ ಡೌವೆಯನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ವೈರಸ್ ನುಗ್ಗಿದಾಗ ಮೈಯನ್ನ ಎಬ್ಬಿಸೋ ಜೀನು ಯೆಲ್ಲೆಯಲ್ಲಿ ಕೆಟ್ಟಿತ್ತಂತೆ. ಹೆಂಗಸರಲ್ಲಿ ಅದು ಎರಡು, ಒಂದು ಕೆಟ್ರೆ ಇನ್ನೊಂದು ಕಾಯುತ್ತೆ. ನಿಮ್ಮಂಥ ಗಂಡಸರಿಗೆ ಒಂದೇ, ತಾಯಿ ಕಡೆಯಿಂದ ಬಂದಿದ್ದು. ಪರೀಕ್ಷೆಗೆ ರಕ್ತ ಕೊಡು, ಅಣ್ಣ. ಮೊದಲೇ ಗೊತ್ತಾದ್ರೆ ಡಾಕ್ಟ್ರು ಹುಷಾರಾಗಿರ್ತಾರೆ."

"ಕೊಡಲ್ಲ."

"ಇಷ್ಟು ದೊಡ್ಡ ಆಸಾಮಿಗೆ ಸೂಜಿ ಭಯವಾ?"

"ಅವನೊಬ್ಬನಲ್ಲೇ ಆದ್ರೆ ತಾನಾಗೇ ಕೆಟ್ಟಿದ್ದು, ಗ್ರಹಚಾರ ಅನ್ಬಹುದು. ನನ್ನಲ್ಲೂ ಇದ್ರೆ ಅಮ್ಮನಿಂದಲೇ ಬಂತು ಅಂತ ಖಾತ್ರಿಯಾಗುತ್ತೆ. ಅದನ್ನ ತಿಳ್ಕೊಂಡು ಅಮ್ಮ ಹೇಗೆ ಬದುಕ್ತಾಳೆ?"

ಹರೆಯದಲ್ಲೇ ಫ್ಲೂಗೆ ಬಲಿಯಾದ ತನ್ನ ಅಣ್ಣ ವೀಪ್ಕೆಯ ಕಣ್ಣೆದುರು ಬಂದ. ಅದಕ್ಕೂ ಮೊದಲು ಹಾಗೆಯೇ ಹೋಗಿದ್ದ ಸೋದರಮಾವ. 'ನಮ್ಮನೆ ಗಂಡಸರ ಎದೆ ಮೆದು' ಎನ್ನುತ್ತಿದ್ದಳು ಅವಳ ತಾಯಿ, ಅಷ್ಟೇ.

ಲೋಟಗಳನ್ನಿಟ್ಟು ಅವಳು ಒಳಗೆ ಬಂದಳು. ನೇರ ಡೌವೆಯ ಬಳಿಗೆ ಹೋದಳು.

"ಕೈ ಕೊಡು."

"ಅಮ್ಮ, ಅದು..."

"ಕೇಳಿಸ್ತು. ನಾನು ಹೊತ್ಕೋತೀನಿ ಅದನ್ನ. ಇನ್ನೊಂದು ಪೆಟ್ಟಿಗೆ ಹಿಂದೆ ನಡೆಯೋಕೆ ನನ್ನಿಂದಾಗಲ್ಲ."

ಮಗನ ಕಪ್ಪು ಅಂಗಿಯ ತೋಳಿನ ಗುಂಡಿ ಬಿಚ್ಚಿ, ಶಾಲೆಗೆ ಹೊರಟ ಮಗುವಿಗೆ ಮಾಡುವಂತೆ, ಮಡಿಕೆ ಮಡಿಕೆಯಾಗಿ ಮೊಣಕೈವರೆಗೆ ಏರಿಸಿದಳು. ಬೆಳ್ಳನೆ ಚರ್ಮದಡಿ ನೀಲಿ ನರ ಕಂಡಿತು. ಅದರ ಮೇಲೆ ಹೆಬ್ಬೆರಳೊತ್ತಿ ಹಾಗೇ ನಿಂತಳು.