ಕೆಳಮುಖದ ಬಾಣ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಥಿತಿಶಾಸ್ತ್ರ ಕಲಿಸುವ ಮೇಡಂ, ಎದುರು ನಿಂತ ಹುಡುಗಿ ಮತ್ತು ಹುಡುಗನ ಉತ್ತರಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು, ತೊಲೆಯ ಚಿತ್ರದಲ್ಲಿ ಎಡ ಆಧಾರದ ಬಲದ ದಿಕ್ಕು ತೋರಿಸುವ ಬಾಣವನ್ನು ಪೆನ್ನಿನಿಂದ ತಟ್ಟಿದರು.

"ಇಡೀ ಕ್ಲಾಸು ಇದನ್ನ ಮೇಲಕ್ಕೆ ಹಾಕಿ, ಕೊನೇಲಿ ಮೈನಸ್ ತಂದಿದೆ. ಕೆಳಕ್ಕೆ ಹಾಕಿದೋರು ನೀವಿಬ್ರೇ. ಹಿಂದೆ ಮುಂದೆ ಕೂತೋರು. ಏನಮ್ಮ ಇದು?"

ಉತ್ತರ ತಪ್ಪಾಗಿರಲಿಲ್ಲ, ಅದೇ ಪೇಚು. ತೊಲೆಯ ಬಲತುದಿ ಆಧಾರ ದಾಟಿ ಹೊರಚಾಚಿತ್ತು, ಭಾರವೆಲ್ಲ ಅಲ್ಲೇ ಇತ್ತು. ಹಾಗಿದ್ದರೆ ಎಡತುದಿ ಮೇಲೇಳಲು ನೋಡುತ್ತದೆ, ಆಧಾರ ಅದನ್ನು ಕೆಳಕ್ಕೆ ಹಿಡಿದಿಡಬೇಕು. ಹುಡುಗಿ ಸ್ಕೇಲನ್ನು ಬೆರಳ ಮೇಲಿಟ್ಟು ಒಂದು ತುದಿ ಒತ್ತಿ ನೋಡಿಯೇ ಬಾಣ ಎಳೆದಿದ್ದಳು. ಹಿಂದಿನ ಬೆಂಚಿನ ಮುನಿಗೆ ಅಷ್ಟು ಯೋಚಿಸುವ ಜಾಯಮಾನವೆಲ್ಲಿ? ಬಾಯಿ ಬಿಡುವುದೇ ಅಪರೂಪವೆಂದು ಅವನಿಗೆ ಆ ಹೆಸರು ಬಿದ್ದಿತ್ತು. ಪರೀಕ್ಷೆಯಲ್ಲಿ ಅವನ ಪೆನ್ಸಿಲ್ ಬಿದ್ದು, ಅವನು ಮುಂದಕ್ಕೆ ಬಗ್ಗಿದ್ದು ಈಗ ನೆನಪಾಯಿತು. ಬಿದ್ದಿತೋ, ಬೀಳಿಸಿದನೋ?

ನಕಲೆಂದಾದರೆ ಇಬ್ಬರಿಗೂ ಸೊನ್ನೆ, ಮುಂದಿನ ವರ್ಷ ಮತ್ತೆ ಇದೇ ಪಾಠ. ಮನೆಯಲ್ಲಿ ಕಪಾಟಿನ ಹಲಗೆ ಕುಸಿದಾಗಲೇ ಅಣ್ಣ "ನಮ್ಮ ಎಂಜಿನಿಯರಮ್ಮ ಮೊಳೆ ಹೊಡೆದಿದ್ದು" ಎಂದು ಬಂದವರಿಗೆಲ್ಲ ತೋರಿಸಿದ್ದ.

"ನನ್ನ ಪೇಪರ್ ಅವನಿಗೆ ಕಾಣೋ ಹಾಗಿತ್ತು ಮೇಡಂ," ಎಂದಳು.

ಮುನಿ ಅವಳತ್ತ ನೋಡಿದ.

"ನೀನೇನಂತೀಯಪ್ಪ? ಅವಳು ನಿಂದು ನೋಡಿದ್ಲಾ?"

"ನಂಗೊತ್ತಿಲ್ಲ ಮೇಡಂ. ನಾನಂತೂ ನೋಡಿಲ್ಲ."

ಮೇಡಂ ಇಬ್ಬರನ್ನೂ ಕೋಣೆಯ ಎರಡು ಮೂಲೆಗೆ ಕೂರಿಸಿ ಹೊಸ ಲೆಕ್ಕ ಕೊಟ್ಟರು. ತುದಿಗಳಲ್ಲಿ ಆಧಾರ, ನಡುವೆ ಭಾರ. ಅವಳು ಎರಡೂ ಬಾಣ ಮೇಲಕ್ಕೆ ಎಳೆದಳು. ಮುನಿಯ ಹಾಳೆ ನೋಡಿ ಮೇಡಂ ಕನ್ನಡಕ ಸರಿಮಾಡಿಕೊಂಡರು.

"ನಡುವೆ ಭಾರ ಇಟ್ರೆ ನಿನ್ನ ಬೀಮು ಹಾರ್ಕೊಂಡು ಹೋಗುತ್ತೇನಪ್ಪ? ಎಡಗಡೆ ಯಾಕೆ ಕೆಳಕ್ಕೆ?"

"ಯಾವಾಗ್ಲೂ ಹಾಗೇ ಹಾಕೋದು ಮೇಡಂ. ಎಡಗಡೆ ಕೆಳಕ್ಕೆ, ಬಲಗಡೆ ಮೇಲಕ್ಕೆ. ದಿಕ್ಕು ಯೋಚಿಸ್ತಾ ಕೂತ್ರೆ ಹೊತ್ತು ಹೋಗುತ್ತೆ. ತಪ್ಪಿದ್ರೆ ಮೈನಸ್ಸೇ ಬಂದು ಹೇಳುತ್ತಲ್ಲ."

ಮೇಡಂ ನಕ್ಕುಬಿಟ್ಟರು. "ಅವಳು ಯೋಚಿಸಿ ಹಾಕಿದ್ದು, ನೀನು ಯೋಚಿಸದೆ ಹಾಕಿದ್ದು. ಹೋಗಿ, ಮಾರ್ಕ್ಸಿಗೆ ಮೋಸ ಇಲ್ಲ."

ಹೊರಗೆ ಬಂದ ಮೇಲೆ ಮುನಿ ಮೆಲ್ಲಗೆ ಹೇಳಿದ: "ನೀನೇ ನಂದು ನೋಡಿದ್ದೀಯ ಅಂತ ನಂಗೂ ಅನುಮಾನ ಇತ್ತು. ಕೊನೇಲಿ ನನ್ನ ಪೇಪರ್ ಇಸ್ಕೊಂಡು ಮುಂದಕ್ಕೆ ಕೊಟ್ಟಿದ್ದು ನೀನೇ ತಾನೇ?"

"ಮತ್ತೆ ಮೇಡಂ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಕಣ್ಣಾರೆ ಕಂಡಿರ್ಲಿಲ್ವಲ್ಲ."

ಅವನು ಮೆಟ್ಟಿಲಿಳಿದು ಹೋದ. ಅವಳು ಹಿಂದಿರುಗಿ ಮೇಡಂ ಕೋಣೆಯ ಬಾಗಿಲು ತಟ್ಟಿದಳು.

"ಇನ್ನೇನಮ್ಮ?"

"ನನ್ನ ಪೇಪರ್ ಯಾರಿಗೂ ಕಾಣೋ ಹಾಗಿರ್ಲಿಲ್ಲ ಮೇಡಂ. ನಾನು ಬರೆಯೋದೇ ಎಡಗೈ ಅಡ್ಡ ಇಟ್ಕೊಂಡು."