ಖಾನಾಪುರದಲ್ಲಿಟ್ಟ ಪರಸ್ಥಾನ

ನಮ್ಮವರು ಬಾರ್ಸಿಲೋನಾಕ್ಕೆ ಹೋಗುವ ಮಾತು ತೆಗೆದದ್ದು ೧೯೨೮ರ ದೀಪಾವಳಿಯಲ್ಲಿ. ಸ್ಪೇನ್ ದೇಶದಲ್ಲಿ ಸಮುದ್ರದಂಡೆಯ ಪಟ್ಟಣವಂತೆ, ಮುಂದಿನ ಬೇಸಿಗೆಗೆ ಅಲ್ಲಿ ದೇಶದೇಶದವರ ದೊಡ್ಡ ಪ್ರದರ್ಶನವಂತೆ. ಬೆಳಗಾವಿ ಕೋರ್ಟಿನಲ್ಲಿ ವಕೀಲಿ ಮಾಡುವ ಈ ಮನುಷ್ಯ ಅಲ್ಲಿಯವರೆಗೆ ಧಾರವಾಡದ ಆಚೆ ಕಾಲಿಟ್ಟವರಲ್ಲ. ಆದರೆ ಅಂದಿನಿಂದ ಬೆಳಗಾವಿಗೆ ಹತ್ತಿಕೊಂಡ ಶಹಾಪುರದ ನಮ್ಮ ಪಡಸಾಲೆಯಲ್ಲಿ ದಿನಾ ಸಂಜೆ ನಕಾಶೆ ಹಾಸಿದ್ದೇ ಹಾಸಿದ್ದು. ಅವರ ಗೆಳೆಯ ಮಾರ್ತಾಂಡರಾಯರು, ಹೈಸ್ಕೂಲಿನ ಮಾಸ್ತರರು, ಬಂದು ಕೂತರೆಂದರೆ ನಾನು ಚಹಾ ಮಾಡಿ ಮಾಡಿ ಸಾಯಬೇಕು. ಬಾಜು ಮನೆಯ ಮಗ್ಗದ ಸಪ್ಪಳ ನಿಂತರೂ ಇವರಿಬ್ಬರ ಮಾತು ನಿಲ್ಲುತ್ತಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರಂತೆ ಎಂದು ಮೊದಮೊದಲು ನಾನು ನಕ್ಕೆ. ಆಗ ಅವರು ನನ್ನನ್ನು ಕರೆದು ನಕಾಶೆಯ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡು ಚಂದ್ರಭಾಗಾ. ಊರ ನಡುವ ಒಂದು ದೊಡ್ಡ ರಸ್ತಾ. ಗಾಡಿ ಎಲ್ಲಾ ಆಚೀಚೆ, ನಡುವ ಬರೇ ನಡಿಯೋ ಮಂದಿ. ಎರಡೂ ಬಾಜು ಹೂವಿನ ಅಂಗಡಿ. ಹಂಗs ನಡಕೋತ ಹೋದ್ರ ಸಮುದ್ರ ಬರ್ತದ. ಅಲ್ಲೆ ಗಂಡ ಹೆಂಡತಿ ಜೋಡೀಲೆ ಅಡ್ಡಾಡತಾರ. ನಾವೂ ಅಡ್ಡಾಡೋಣ."

ನಾವು ಅಂದರು. ಆ ಒಂದು ಮಾತಿಗೆ ನಾನು ಕೆಟ್ಟೆ. ಮದುವೆಯಾದಂದಿನಿಂದ ಗಂಡನ ಸಂಗಡ ಬೀದಿಯಲ್ಲಿ ನಡೆದದ್ದೆಂದರೆ ಅವರ ಹಿಂದೆ, ಅವರ ಬೆನ್ನು ನೋಡುತ್ತ. ಮರುದಿನದಿಂದ ನನಗೂ ಮನೆಯಲ್ಲಿ ಕಾಲು ನಿಲ್ಲದಾಯಿತು. ಒಲೆಯ ಮೇಲೆ ಹಾಲಿಟ್ಟು ಮರೆತೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಅವರ ಹಳೆಯ ಬೂಟು ಏರಿಸಿ, ಹಿತ್ತಲಿನ ಬಾವಿಯಿಂದ ಬಚ್ಚಲಿನವರೆಗೆ ನಡೆದು ರೂಢಿ ಮಾಡಿಕೊಂಡೆ. ಆಕಳು ಬೆದರಿ ಹಗ್ಗ ಜಗ್ಗಿತು. ನಿನಗೇನು ಗೊತ್ತು, ಸುಮ್ಮನಿರು ಎಂದು ಅದಕ್ಕೇ ಬೈದೆ.

ಚೈತ್ರದಲ್ಲಿ ಗೊತ್ತಾಯಿತು: ಗೋವೆಯ ಮುರಗಾಂವ ಬಂದರದಿಂದ ಹೊರಡುವ ಹಡಗಿನಲ್ಲಿ ಅವರು ಹಿಡಿಸಿದ್ದು ಒಂದೇ ಜಾಗ.

"ಹೆಣ್ಣುಮಕ್ಕಳಿಗೆ ಹಡಗಿನಾಗ ಭಾಳ ತ್ರಾಸ ಆಗ್ತದಂತ," ಎಂದರು, ನಕಾಶೆಯಿಂದ ತಲೆ ಎತ್ತದೆ. "ನೀ ಖಾನಾಪುರದಾಗ ನಿಮ್ಮಣ್ಣನ ಮನ್ಯಾಗ ಆರಾಮ ಇರು. ನಾ ಬಂದು ಎಲ್ಲಾ ಹೇಳ್ತೀನಿ."

ಮೈಯೆಲ್ಲ ಉರಿಯಿತು. ಇಷ್ಟು ದಿನ ಮೂಗಿಗೆ ತುಪ್ಪ ಸವರಿ ಈಗ ಒರೆಸಿಕೋ ಅಂದರೆ? ಜಗಳ ತೆಗೆದೆ, ಊಟ ಬಿಟ್ಟೆ, ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದು ಅವರ ಲಕ್ಷ್ಯಕ್ಕೆ ಬಂತೋ ಇಲ್ಲವೋ, ನನಗೆ ಈಗಲೂ ಅನುಮಾನ.

ನಮ್ಮಲ್ಲಿ ದೂರದ ಪ್ರಯಾಣಕ್ಕೆ ಮುಹೂರ್ತ ಮೊದಲು ಬಂದು ಹೊರಡುವ ದಿನ ಆಮೇಲೆ ಇದ್ದರೆ, ಮನುಷ್ಯನ ಬದಲು ಅವನ ಗಂಟು ಹೊರಡುತ್ತದೆ. ಅವನ ಮೈಮೇಲಿನ ಒಂದು ವಸ್ತ್ರದಲ್ಲಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು ಕಟ್ಟಿ, ಹೋಗುವ ದಿಕ್ಕಿನಲ್ಲಿ ಬೇರೆಯವರ ಮನೆಯಲ್ಲಿಡುವುದು. ಪರಸ್ಥಾನ ಇಡುವುದು ಅನ್ನುತ್ತಾರೆ. ಅಲ್ಲಿಗೆ ಅವನು ಹೊರಟ ಲೆಕ್ಕ. ಆಮೇಲೆ ಬಂದು ಆ ಗಂಟನ್ನೆತ್ತಿಕೊಂಡು ಮುಂದೆ ಹೋಗಬೇಕು. ಗಂಟು ತಿರುಗಿ ಮನೆಗೆ ಬಂತೋ, ಪ್ರಯಾಣ ಮುರಿಯಿತು.

ಮುಹೂರ್ತ ಬಂದದ್ದು ಹಡಗಿಗಿಂತ ಒಂದು ವಾರ ಮೊದಲು. ನಮ್ಮವರು ತಮ್ಮ ಹೆಗಲ ಮೇಲಿನ ಉಪರಣೆಯ ಗಂಟನ್ನೂ ನನ್ನನ್ನೂ ರೈಲಿನಲ್ಲಿ ಖಾನಾಪುರಕ್ಕೆ ತಂದು, ಎರಡನ್ನೂ ನಮ್ಮಣ್ಣ ಅವಧೂತನ ಮನೆಯಲ್ಲಿಟ್ಟು, ಸಂಜೆಯ ಗಾಡಿಗೇ ಬೆಳಗಾವಿಗೆ ತಿರುಗಿದರು.

"ಕೋರ್ಟಿನ ಕೆಲಸ ಮುಗಿಸಿ ಗುರುವಾರ ಬರ್ತೀನಿ. ಗಂಟು ಜ್ವಾಪಾನ," ಎಂದರು. ನನ್ನ ಬಗ್ಗೆ ಏನೂ ಹೇಳಲಿಲ್ಲ.

ಆ ವಾರ ನಾನು ಕೂತಲ್ಲಿ ಕೂಡಲಿಲ್ಲ. ನಾನೂ ಆ ಗಂಟಿನ ಹಾಗೆಯೇ ಇದ್ದೆ, ಮನೆಯಲ್ಲೂ ಇಲ್ಲ, ಹೊರಟೂ ಇಲ್ಲ. ಗಾಡಿ ಸಿಳ್ಳು ಹಾಕಿದಾಗೆಲ್ಲ ಬಾಗಿಲಿಗೆ ಓಡುತ್ತಿದ್ದೆ. ಬರಲಿ ಅಂತಲೋ, ಬರದಿರಲಿ ಅಂತಲೋ, ನನಗೇ ತಿಳಿಯದು. ಗುರುವಾರದ ಗಾಡಿಯಿಂದ ಇಳಿದವರು ಮಾರ್ತಾಂಡರಾಯರು.

"ಮಧುಕರಗ ಜ್ವರ ಬಂದಂಗ ಆಗೇದರೀ ವೈನಿ. ಈ ಹಡಗು ಬ್ಯಾಡ ಅಂದಾನ. ಗಂಟು ಒಯ್ಯಾಕ ಬಂದೀನಿ."

"ಜ್ವರ ಬಂದದೋ, ಬಂದಂಗ ಆಗೇದೋ?"

ಮಾಸ್ತರರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಬಂದಂಗ," ಎಂದರು.

ಅತ್ತಿಗೆ ಕುಂದಾ ಒಳಗಿನಿಂದಲೇ ಅಂದಳು: "ಪರಸ್ಥಾನ ಹಿಂದ ಒಯ್ಯಬಾರದ್ರೀ. ಒಯ್ಯೋದಿದ್ರ ಮುಂದ ಒಯ್ಯಬೇಕು."

ಶಾಸ್ತ್ರ ಅಂದರೆ ಮಾರುದೂರ ಓಡುವ ನಾನು ಆವತ್ತು ಶಾಸ್ತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಹಂಗಿದ್ರ ನಾನs ಮುಂದ ಒಯ್ತೀನಿ," ಎಂದೆ. ಅಣ್ಣ ಬೇಡ ಅಂದ, ಹುಚ್ಚೇನು ನಿನಗೆ ಅಂದ, ಕೊನೆಗೆ ನನ್ನ ಬಾಯಿಗೆ ಅಂಜಿ ತಾನೂ ಹೊರಟ. ಮಾಸ್ತರರು ಬರಿಗೈಯಲ್ಲಿ ಬೆಳಗಾವಿಗೆ ತಿರುಗಿದರು. ಅಣ್ಣ ಗಾಡಿಯ ಬಾಕಿನ ಮೇಲೆ ಒರಗಿ ಲೋಂಡೆಯಿಂದಲೇ ಗೊರಕೆ ಹೊಡೆದ. ನಾನು ಕಣ್ಣು ಮಿಟುಕಿಸಲಿಲ್ಲ. ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ, ಗೋವೆಯ ಗಡಿಯೆಂದು, ಜಕಾತಿಯವರು ಗಂಟು ಬಿಚ್ಚಿಸಿ, ಅಕ್ಕಿ ಅಡಿಕೆ ಕಂಡು ನಕ್ಕರು. ನಗಲಿ. ಘಟ್ಟ ಇಳಿಯುತ್ತ ಗಾಳಿಯ ವಾಸನೆಯೇ ಬೇರೆಯಾಯಿತು.

ಮುರಗಾಂವದಲ್ಲಿ ಸಮುದ್ರ ನೋಡಿದೆ. ಇಷ್ಟು ನೀರು ಒಂದೇ ಕಡೆ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ, ನಮ್ಮ ಪಡಸಾಲೆಯಲ್ಲಿ ಅಷ್ಟು ತಿಂಗಳು ಮಾತಾಡಿದವರೂ ಹೇಳಿರಲಿಲ್ಲ. ಹಡಗು ಇವರಿಲ್ಲದೆಯೇ ಹೊರಟಿತು. ಅದು ಕಣ್ಮರೆಯಾಗುವವರೆಗೆ ನೋಡಿ, ದಂಡೆಗೆ ಇಳಿದು, ನೀರಿನಲ್ಲಿ ನಿಂತೆ. ಕಾಲಡಿಯ ಉಸುಕು ಸರಿಯಿತು. ಅಣ್ಣ ದೂರದಿಂದ ಬಾ ಬಾ ಎಂದು ಕೂಗುತ್ತಿದ್ದ. ನಾನು ಗಂಟನ್ನು ನೀರಿಗೆ ಬಿಟ್ಟೆ. ಹಿಂದಕ್ಕಂತೂ ಒಯ್ಯುವ ಹಾಗಿರಲಿಲ್ಲ.

ತಿರುಗಿ ಬರುವಾಗ ಅಣ್ಣ ಖಾನಾಪುರದಲ್ಲಿ ಇಳಿದ, ನಾನು ಇಳಿಯಲಿಲ್ಲ. ಶಹಾಪುರದ ಮನೆ ಹೊಕ್ಕರೆ ಪಡಸಾಲೆಯಲ್ಲಿ ಅದೇ ನಕಾಶೆ, ಅದೇ ಇಬ್ಬರು. ಜ್ವರವಿಲ್ಲ, ಏನಿಲ್ಲ. ಬಾರ್ಸಿಲೋನಾ ಆಗದಿದ್ದರೆ ಮುಂದಿನ ವರ್ಷ ಮಾಲಾಗಾಕ್ಕೆ ಹೋಗುವ ಮಾತು ನಡೆದಿತ್ತು. ಅದೂ ಸ್ಪೇನ್ ದೇಶದ್ದೇ, ಅದಕ್ಕೂ ಸಮುದ್ರ ಇದೆಯಂತೆ.

"ನೀ ಯಾವಾಗ ಬಂದಿ? ಗಂಟು ಎಲ್ಲೆ?" ಎಂದರು ನಮ್ಮವರು.

"ಮುರಗಾಂವದಾಗ ಸಮುದ್ರಕ್ಕ ಬಿಟ್ಟು ಬಂದೆ."

ಮಾರ್ತಾಂಡರಾಯರು ಚಪ್ಪಲಿ ಹುಡುಕಿಕೊಂಡು ಎದ್ದು ಹೋದರು. ಬೈಯಲಿ, ನೋಡೇಬಿಡೋಣ ಎಂದು ನಾನು ಸೆರಗು ಬಿಗಿದು ನಿಂತೆ. ದಾರಿಯುದ್ದಕ್ಕೂ ಕೂಡಿಟ್ಟುಕೊಂಡ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅವರು ಬೈಯಲಿಲ್ಲ. ನಕಾಶೆಯ ಅಂಚು ಮಡಚುತ್ತ ಕೇಳಿದರು:

"ಖರೇನ ನೋಡಿದ್ಯಾ?"

"ನೋಡಿದೆ."

"ನೀರಿನ ಮಟಾ ಹೋಗಿದ್ಯಾ?"

"ನೀರಾಗs ನಿಂತಿದ್ದೆ."

"ಅಂಜಿಕಿ ಆಗಲಿಲ್ಲೇನು?"

ಅವರ ದನಿ ಕೇಳಿ ನನಗೆ ಗೊತ್ತಾಯಿತು. ಇಷ್ಟು ದಿನ ನಾನು ಮೋಸಗಾರನೆಂದು ಶಪಿಸಿದ ಮನುಷ್ಯ ಅಂಜಿ ಕೂತಿದ್ದ. ನಕಾಶೆಯ ಮೇಲೆ ಎಷ್ಟು ಸಲ ದಾಟಿದರೂ ಅಂಜಿಕೆ ಹೋಗಿರಲಿಲ್ಲ. ಅಯ್ಯೋ ಅನ್ನಿಸಿತು. ಹಾಗಂತ ಸಿಟ್ಟು ಇಳಿಯಿತು ಅಂದರೆ ಸುಳ್ಳಾದೀತು.

"ಆತು," ಎಂದೆ. "ಆದ್ರೂ ನಿಂತೆ."

ಅವರು ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ ಕೇಳಿದರು: "ನನ್ನ ಒಮ್ಮೆ ಅಲ್ಲೀತನಕ ಕರಕೊಂಡು ಹೋಗ್ತೀಯೇನು?"

ನಾನು ಕೂಡಲೇ ಹೂಂ ಅನ್ನಲಿಲ್ಲ. ಅವರು ಕಾಯುತ್ತ ಕೂತರು.